ಮತದಿಂದ ಗೆದ್ದ ಗಾನ

ಹಾಡುವವರಲ್ಲಿ ಯಾರು ಮೇಲೆಂಬುದನ್ನು ನಿರ್ಣಯಿಸುವ ಅಧಿಕಾರವು ನಮ್ಮ ದೇಶದಲ್ಲಿ ಬಹುಕಾಲ ವಿದ್ವಾಂಸರ ಕೈಯಲ್ಲಿದ್ದಿತು. ದೂರದರ್ಶನವು ಮನೆಮನೆಯನ್ನು ಹೊಕ್ಕ ಮೇಲೆಯೂ ಮೊದಮೊದಲು ಅದೇ ಪದ್ಧತಿಯು ನಡೆಯಿತು. 1995ರಲ್ಲಿ ಹಿಂದಿಯ ‘ಸ ರೆ ಗ ಮ’ ಸ್ಪರ್ಧೆಯು ಆರಂಭವಾದಾಗ ತೀರ್ಪು ಹೇಳಲು ಕುಳಿತವರು ಸಂಗೀತಜ್ಞರು. ಮರುವರ್ಷ ತೆಲುಗಿನಲ್ಲಿ ‘ಪಾಡುತಾ ತೀಯಗಾ’ವನ್ನೂ, ಆಮೇಲೆ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ವನ್ನೂ ನಡೆಸಿಕೊಟ್ಟ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಒಂದು ಅಕ್ಷರ ಜಾರಿದರೂ ಹಾಡಿದವರಿಗೆ ತಿದ್ದಿ ಹೇಳುತ್ತಿದ್ದರು. ಅಂಥ ಸಭೆಯಲ್ಲಿ ಜಯವನ್ನು ಬಯಸುವವನಿಗೆ ದಾರಿಯು ಕಠಿನವಾದರೂ ಸ್ಪಷ್ಟವಾಗಿದ್ದಿತು: ಶ್ರುತಿಶುದ್ಧಿ, ಉಚ್ಚಾರಣೆ, ಪದ್ಯದ ಅರ್ಥಜ್ಞಾನ, ತನ್ನ ಕಂಠದ ಎಲ್ಲೆಯನ್ನರಿತು ಹಾಡನ್ನು ಆರಿಸಿಕೊಳ್ಳುವ ವಿವೇಕ.

2004ರಲ್ಲಿ ‘ಇಂಡಿಯನ್ ಐಡಲ್’ ಬಂದಿತು. ಇದು ಇಂಗ್ಲೆಂಡಿನಲ್ಲಿ 2001ರಲ್ಲಿ ಹುಟ್ಟಿದ ‘ಪಾಪ್ ಐಡಲ್’ ಎಂಬುದರ ಮಾದರಿ. ಮೊದಲ ಆಯ್ಕೆಯಷ್ಟೇ ತೀರ್ಪುಗಾರರದು. ಕೊನೆಯ ಮಾತು ದೂರವಾಣಿಯಿಂದ ಮತ ಕಳುಹುವ ಪ್ರೇಕ್ಷಕರದು. ಒಬ್ಬನೇ ಎಷ್ಟು ಬಾರಿಯಾದರೂ ಮತ ಹಾಕಬಹುದಾಗಿದ್ದ ಈ ಚುನಾವಣೆಯನ್ನು ಪ್ರಜಾಪ್ರಭುತ್ವವೆಂದು ಕರೆಯುವುದು ಕಷ್ಟ. ಇದೇ ಬಗೆಯ ‘ಫೇಮ್ ಗುರುಕುಲ್’ ಸ್ಪರ್ಧೆಯಿಂದ 2005ರಲ್ಲಿ ಹೊರಬಿದ್ದ ಅರಿಜಿತ್ ಸಿಂಗರು 2013ರಲ್ಲಿ ‘ಆಶಿಕಿ 2’ ಚಿತ್ರದ ಹಾಡಿನಿಂದ ದೇಶಕ್ಕೆಲ್ಲ ಪರಿಚಿತರಾದರು.

ಹೊಸ ಪದ್ಧತಿಯ ಬಲವೇನೆಂಬುದು ಪೂರ್ಣವಾಗಿ ತಿಳಿದುಬಂದುದು 2007ರಲ್ಲಿ. ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗರು ತಂದೆಯ ಮರಣಾನಂತರ ಕಲ್ಕತ್ತೆಯ ಪೊಲೀಸು ಪಡೆಯನ್ನು ಸೇರಿ, ಅದರ ವಾದ್ಯಗೋಷ್ಠಿಯಲ್ಲಿ ಹಾಡುತ್ತಿದ್ದವರು. ಅವರ ಎದುರಾಳಿ ಶಿಲ್ಲಾಂಗಿನ ಅಮಿತ್ ಪಾಲರು. ಪಾಲರ ಕಂಠವೇ ಹೆಚ್ಚು ಪಳಗಿದುದೆಂದು ಹೇಳಿದವರು ಹಲವರು. ಆದರೆ ಬೆಟ್ಟದ ನೇಪಾಳಿ ಜನರು ತಮಾಂಗರಲ್ಲಿ ಕಂಡದ್ದು ಕಂಠವೊಂದನ್ನೇ ಅಲ್ಲ. ಈ ದೇಶದವರೇ ಆಗಿದ್ದೂ ಪರದೇಶದವರೆಂದು ಎಣಿಸಲ್ಪಡುತ್ತಿದ್ದ ತಮ್ಮವನೊಬ್ಬನು ಭಾರತದ ಗಾಯಕನೆಂಬ ಹೆಸರಿಗೆ ಪಾತ್ರನಾಗುವನೆಂಬ ಆಸೆ ಅದು. ಊರೂರಲ್ಲಿ ಚಂದಾ ಎತ್ತಿದರು. ರಾತ್ರಿಯೆಲ್ಲ ಕುಳಿತು ಮತ ಕಳುಹಿದರು. ಅತ್ತ ಮೇಘಾಲಯದಲ್ಲಿ, ಖಾಸಿ ಜನರಿಗೂ ಬಂಗಾಳಿಗಳಿಗೂ ಇದ್ದ ಹಳೆಯ ವೈಮನಸ್ಯವನ್ನು ಮರೆತು ಪಾಲರ ಪರವಾಗಿ ಜನರು ಒಂದಾದರು. ಸೆಪ್ಟೆಂಬರ್ 23ರಂದು ತಮಾಂಗರೇ ಗೆದ್ದರು.

ಹಾಡಿನ ಕಥೆ ಅಲ್ಲಿಗೆ ಮುಗಿಯಿತು. ಇತಿಹಾಸದ ಕಥೆ ಮುಗಿಯಲಿಲ್ಲ. ದೆಹಲಿಯ ಬಾನುಲಿಯೊಂದರಲ್ಲಿ ನೇಪಾಳಿಗಳನ್ನು ಹೀಯಾಳಿಸಿದ ಮಾತಿನಿಂದ ಕೆರಳಿದವರು ಸೆಪ್ಟೆಂಬರ್ 28ರಂದು ಸಿಲಿಗುರಿಯಲ್ಲಿ ಮೆರವಣಿಗೆ ಹೊರಟರು. ಗಲಭೆಯಾಗಿ ಸೈನ್ಯವನ್ನು ಕರೆಸಬೇಕಾಯಿತು. ಬೆಟ್ಟದ ಹಳೆಯ ನಾಯಕ ಸುಭಾಷ್ ಘೀಸಿಂಗರು ಸ್ಪರ್ಧೆಯ ಉತ್ಸಾಹಕ್ಕೆ ಬೆಂಬಲ ಕೊಟ್ಟಿರಲಿಲ್ಲ. ಅವರ ಅನುಯಾಯಿಯಾಗಿದ್ದ ಬಿಮಲ್ ಗುರುಂಗರಾದರೋ ಆ ಉತ್ಸಾಹದ ಮುಂದಾಳಾಗಿದ್ದರು. ಮತಕ್ಕಾಗಿ ಕೂಡಿದ್ದ ಜನವೇ ಅವರ ಬೆನ್ನಿಗೆ ನಿಂತಿತು. ಅಕ್ಟೋಬರ್ 7ರಂದು ಅವರು ಗೋರ್ಖಾ ಜನಮುಕ್ತಿ ಮೋರ್ಚಾವನ್ನು ಸ್ಥಾಪಿಸಿ ಪ್ರತ್ಯೇಕ ರಾಜ್ಯದ ಬೇಡಿಕೆಯನ್ನು ಮತ್ತೆ ಎತ್ತಿದರು. 2008ರ ಮಾರ್ಚಿಯಲ್ಲಿ ಘೀಸಿಂಗರು ಅಧಿಕಾರವನ್ನು ಬಿಡಬೇಕಾಯಿತು.

ತಮಾಂಗರು 2010ರಲ್ಲಿ ‘ಗೋರ್ಖಾ ಪಲ್ಟನ್’ ಎಂಬ ನೇಪಾಳಿ ಚಲಚ್ಚಿತ್ರದಲ್ಲಿ ನಟರಾಗಿ ಕಾಣಿಸಿಕೊಂಡರು.