ಗರ್ಭಿಣಿಯ ಮಾತ್ರೆ, ಮನೆಮಂದಿಯ ಮಾತು: ಬೆಳಗಾವಿಯಿಂದ ದೋಹಾವರೆಗೆ

ಗರ್ಭಿಣಿಯು ಒಂದು ಮಾತ್ರೆಯನ್ನು ಸೇವಿಸಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಯಾರು? ವೈದ್ಯರು ಎಂಬುದು ಪುಸ್ತಕದ ಉತ್ತರ. ನಮ್ಮ ಮನೆಗಳಲ್ಲಿ ಅತ್ತೆ, ತಾಯಿ, ಗಂಡ, ನಾಲ್ಕು ಹೆತ್ತ ನೆರೆಮನೆಯಾಕೆ ಎಲ್ಲರಿಗೂ ಅದರಲ್ಲಿ ಪಾಲುಂಟು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದವರು. ಕತಾರಿಗೆ ಬಂದ ಮೇಲೂ ಆ ಮಾತು ದೂರವಾಣಿಯಲ್ಲಿ ನಮ್ಮನ್ನು ಹಿಂಬಾಲಿಸಿದೆ.

ಭಯಕ್ಕೆ ಆಧಾರವೇ ಇರಲಿಲ್ಲವೆನ್ನಲಾಗದು. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ಔಷಧವನ್ನು 1961ರಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳ ಊನದೊಂದಿಗೆ ಜನಿಸಿದ್ದವು. 1977ರಲ್ಲಿ ಅಮೆರಿಕವು ಗರ್ಭ ಧರಿಸಬಲ್ಲ ಮಹಿಳೆಯರನ್ನು ಆರಂಭಿಕ ಔಷಧ ಪರೀಕ್ಷೆಗಳಿಂದ ಹೊರಗಿಟ್ಟಿತು. ಆ ನಿಲುವು ಬದಲಾದುದು 1993ರಲ್ಲಿ. ರಕ್ಷಣೆಯ ಹೆಸರಿನಲ್ಲಿ ನಡೆದ ಈ ಕ್ರಮದಿಂದ ಗರ್ಭಿಣಿಯರಿಗೆ ಯಾವ ಔಷಧ ಎಷ್ಟು ಸುರಕ್ಷಿತ ಎಂಬ ತಿಳಿವಳಿಕೆಯೇ ಬೆಳೆಯದೆ ಉಳಿಯಿತೆಂಬುದು ನಮ್ಮ ಅಭಿಪ್ರಾಯ.

ಈ ಕೊರತೆಯನ್ನು ತುಂಬಿದವರಲ್ಲಿ ಕನ್ನಡ ನಾಡಿನ ತಾಯಂದಿರೂ ಇದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮೊದಲಾದವರೊಂದಿಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಕಾಪಿಡಬೇಕು. ಮನೆಯಲ್ಲೇ ಹೆರಿಗೆಯಾಗುವ ಊರಿನಲ್ಲಿ ಅದು ಸುಲಭವಲ್ಲ. ಮಿಸೊಪ್ರೊಸ್ಟಾಲ್ ಮಾತ್ರೆಗೆ ಆ ತೊಡಕಿಲ್ಲ. ಒಟ್ಟು 1620 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಈ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಕೊಟ್ಟವರು ಊರಿನ ಆರೋಗ್ಯ ಸಹಾಯಕಿಯರು. ಹುಸಿ ಮಾತ್ರೆ ಪಡೆದವರಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಈ ಫಲಿತಾಂಶವು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿ ಸೀಮೆಯ ಆ ತಾಯಂದಿರ ಹೆಸರುಗಳು ಎಲ್ಲಿಯೂ ಅಚ್ಚಾಗಿಲ್ಲ, ಅಚ್ಚಾಗಲೂ ಬಾರದು.

ಇಂತಹ ಸಂಶೋಧನೆಗೆ ಒಪ್ಪಿಗೆ ಕೇಳುವುದೆಂದರೆ ಒಬ್ಬಳನ್ನಷ್ಟೇ ಕೇಳಿದಂತಲ್ಲ. ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೆಣ್ಣಿಗೆ ಎರಡು ಮನೆಗಳ ಹಿರಿಯರಿದ್ದಾರೆ. ಗಂಡನನ್ನು ಕೇಳಿ ಹೇಳುತ್ತೇನೆ ಎಂಬ ಉತ್ತರ ಎಷ್ಟೋ ಸಲ ನಿರಾಕರಣೆಯಲ್ಲ, ರೂಢಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮಾವಳಿ ಇದನ್ನು ಬಲ್ಲದು: ಹಿರಿಯರೊಡನೆ ಸಮಾಲೋಚಿಸಬಹುದು, ಆದರೆ ಅವರ ಅನುಮತಿಯು ಆಕೆಯ ಒಪ್ಪಿಗೆಗೆ ಬದಲಿಯಾಗದು. ಓದುಬರಹ ಬಾರದವಳಾದರೆ ನಿಷ್ಪಕ್ಷಪಾತ ಸಾಕ್ಷಿಯ ಮುಂದೆ ಹೆಬ್ಬೆಟ್ಟು. ಕುಟುಂಬದ ಪ್ರಭಾವವನ್ನು ಬರಿಯ ಅಡ್ಡಿಯೆಂದು ಬಗೆಯುವುದನ್ನು ನಾವು ಒಪ್ಪುವುದಿಲ್ಲ. ನಡುರಾತ್ರಿ ವಾಹನ ಹುಡುಕುವವರೂ, ಬಾಣಂತನ ಮಾಡುವವರೂ ಅವರೇ ಅಲ್ಲವೇ?

ಕೋವಿಡ್ ಕಾಲದಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಲಸಿಕೆಯ ಮೊದಲ ದೊಡ್ಡ ಪರೀಕ್ಷೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಭಾರತದಲ್ಲಿ ಲಸಿಕೆ ಅಭಿಯಾನ 2021ರ ಜನವರಿ 16ರಂದು ಆರಂಭವಾದರೂ ಅವರಿಗೆ ಅವಕಾಶ ದೊರೆತದ್ದು ಜುಲೈ 2ರಂದು. ನಡುವಿನ ಐದೂವರೆ ತಿಂಗಳು ಊರಿನ ಬಂಧುಗಳಿಗೆ ಆಧಾರವಾಗಿದ್ದುದು ಹೆಚ್ಚಾಗಿ ವಾಟ್ಸಾಪ್ ಸಂದೇಶಗಳೇ.

ಇನ್ನು ನಾವಿರುವ ನಾಡು. 1957ರ ರುಮೈಲಾ ಆಸ್ಪತ್ರೆ, 1979ರಲ್ಲಿ ಸ್ಥಾಪಿತವಾದ ಹಮದ್ ವೈದ್ಯಕೀಯ ನಿಗಮ, 1988ರ ಮಹಿಳಾ ಆಸ್ಪತ್ರೆ, 2018ರಲ್ಲಿ ಒಳರೋಗಿಗಳಿಗೆ ತೆರೆದ ಸಿದ್ರಾ: ಹೆರಿಗೆಯ ವ್ಯವಸ್ಥೆ ಇಲ್ಲಿ ಎರಡು ತಲೆಮಾರಿನೊಳಗೆ ರೂಪುಗೊಂಡಿತು. ಹಳೆಯ ಮಹಿಳಾ ಆಸ್ಪತ್ರೆಯ ಸ್ಥಾನದಲ್ಲಿ ಬಂದಿರುವ ಕೇಂದ್ರದ ಹೆಸರಿನಲ್ಲೇ ‘ರಿಸರ್ಚ್’ ಎಂಬ ಪದವಿದೆ. ಆದುದರಿಂದ ನಮ್ಮ ಹೆಣ್ಣುಮಕ್ಕಳ ಮುಂದೆ ಒಪ್ಪಿಗೆ ಪತ್ರವೊಂದು ಬಂದೀತು. ಪಕ್ಕದಲ್ಲಿ ಅತ್ತೆಯಿಲ್ಲ, ತಾಯಿಯ ಸಂದರ್ಶಕ ವೀಸಾ ಇನ್ನೂ ಬಂದಿಲ್ಲ, ಗಂಡ ಕೆಲಸದ ಪಾಳಿಯಲ್ಲಿದ್ದಾನೆ. ಅರ್ಥವಾಗದ್ದನ್ನು ಕೇಳಲು, ಯೋಚಿಸಲು ಕಾಲಾವಕಾಶ ಬೇಡಲು, ಬೇಡವೆನ್ನಲು, ಒಪ್ಪಿದ ಮೇಲೂ ಹಿಂದೆ ಸರಿಯಲು ಆಕೆಗೆ ಹಕ್ಕಿದೆ. ಅದರಿಂದ ಆಕೆಯ ಚಿಕಿತ್ಸೆಗೆ ಕುಂದು ಬರುವಂತಿಲ್ಲ.