ಕಂಡರಿಸಿದ ಕೈಗಳು

ಐಹೊಳೆಯ ಮೇಗುತಿ ಗುಡ್ಡದ ಮೇಲೆ, ಕ್ರಿ.ಶ. 634ರಲ್ಲಿ, ರವಿಕೀರ್ತಿ ತನ್ನ ಹೆಸರನ್ನು ತಾನೇ ಹಾಕಿಕೊಂಡ. ಇಮ್ಮಡಿ ಪುಲಿಕೇಶಿಯ ಯುದ್ಧಗಳನ್ನೆಲ್ಲ ಸಂಸ್ಕೃತದಲ್ಲಿ ಹೊಗಳಿದ. ಈ ಜಿನಾಲಯ ಕಟ್ಟಿಸಿದವನೂ ನಾನೇ, ಈ ಪ್ರಶಸ್ತಿ ರಚಿಸಿದವನೂ ನಾನೇ ಎಂದ. ಕೀರ್ತಿಯಲ್ಲಿ ಕಾಳಿದಾಸ, ಭಾರವಿಯರ ಸಾಲಿಗೇ ಬಂದು ನಿಂತ. ನಿಲ್ಲಲಿ. ಕವಿಗೆ ಅಷ್ಟು ಸೊಕ್ಕು ಇದ್ದರೆ ತಪ್ಪೇನಿಲ್ಲ. ಕಾಳಿದಾಸ ಯಾವ ಕಾಲದವನೆಂದು ಜಗಳ ಆಡುವ ಪಂಡಿತರಿಗೂ ಆ ಮಾತಿನಿಂದ ಒಂದು ಗಡಿಕಲ್ಲು ಸಿಕ್ಕಿತು. ಆದರೆ ಆ ಶ್ಲೋಕಗಳನ್ನು ಕಲ್ಲಿನ ಮೇಲೆ ಮೂಡಿಸಿದ ಕೈ ಯಾರದು? ಏನು ಒಪ್ಪವಾದ ಅಕ್ಷರ! ಒಂದು ಏಟು ಜಾರಿದರೆ ಪುಲಿಕೇಶಿಯ ಗೆಲುವೇ ಅಳಿಸಿಹೋಗುವ ಕೆಲಸ. ಆ ಕೈಯ ಹೆಸರು ಆ ಶ್ಲೋಕಗಳಲ್ಲಿಲ್ಲ.

ಶಿರೂರಿನಲ್ಲಿ ಕೂತು ಬರೆಯುವ, ಬರೆದದ್ದಕ್ಕೆ ತಾನೇ ಚಿತ್ರ ತೆಗೆಯುವ ನನ್ನಂಥವನಿಗೆ ಇದು ಬರೀ ಶಾಸನಶಾಸ್ತ್ರದ ಪ್ರಶ್ನೆ ಅಲ್ಲ. ಸಣ್ಣ ಪತ್ರಿಕೆಯಲ್ಲಿ ನನ್ನ ಲೇಖನ ಬಂದರೆ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ. ಅದೇ ಪತ್ರಿಕೆಯ ಮುಖಪುಟಕ್ಕೆ ಚಿತ್ರ ಕೊಟ್ಟರೆ ಹೆಸರು ಒಳಪುಟದ ಅಡಿಗೆ ಇರುವೆಯಂತೆ ಕೂತಿರುತ್ತದೆ, ಎಷ್ಟೋ ಸಲ ಅದೂ ಇಲ್ಲ. ಹಿಂದೆ ಒಂದೊಂದೇ ಮೊಳೆ ಜೋಡಿಸಿ ಆ ಪುಟ ಕಟ್ಟುತ್ತಿದ್ದ ಹುಡುಗನ ಹೆಸರಂತೂ ಯಾರೂ ಕೇಳಿದವರಲ್ಲ. ತಲೆಯಿಂದ ಮಾಡಿದ್ದು ಮೇಲು, ಕೈಯಿಂದ ಮಾಡಿದ್ದು ಕೀಳು. ಈ ಲೆಕ್ಕ ಹಾಕಿಕೊಟ್ಟವರು ಯಾರೆಂದು ಈ ಪತ್ರಿಕೆಯ ಓದುಗರಿಗೆ ಬೇರೆ ಹೇಳಬೇಕೆ?

ಕನ್ನಡ ಶಾಸನಗಳ ಕೊನೆಯ ಸಾಲುಗಳನ್ನು ನೋಡಬೇಕು. ಮೇಷ್ಟ್ರುಗಳು ಮಕ್ಕಳಿಗೆ ರಾಜನ ಬಿರುದು ಇರುವ ಮೊದಲ ಸಾಲುಗಳನ್ನು ಓದಿಸುತ್ತಾರೆ, ಕೊನೆಗೆ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಕೆಲವು ಶಾಸನಗಳ ಕೊನೆಯಲ್ಲಿ ಇಂಥವನು ‘ಬರೆದಂ’, ಇಂಥವನು ‘ಕಂಡರಿಸಿದಂ’ ಎಂದು ಇರುತ್ತದೆ. ಕಂಡರಿಸುವುದು ಅಂದರೆ ಉಳಿ ಹಿಡಿದು ಕೆತ್ತುವುದು. ಮಾತು ಕಟ್ಟುವ ತಲೆ ಒಂದು, ಕಲ್ಲಿನ ಮೇಲೆ ಅಕ್ಷರ ಬರೆಯುವ ಕೈ ಒಂದು, ಅದನ್ನು ಕೆತ್ತುವ ಕೈ ಇನ್ನೊಂದು. ಕೆಲವೆಡೆ ಇವೆಲ್ಲ ಒಬ್ಬನವೇ ಆಗಿದ್ದಿರಬಹುದು. ಆದರೆ ಚರಿತ್ರೆಯ ಪುಸ್ತಕಕ್ಕೆ ಸಾಹಿತಿಯಾಗಿ ಹೋದವನು ಮೊದಲನೆಯವನು ಮಾತ್ರ.

ಬಾದಾಮಿಯ ಮೂರನೇ ಗವಿಗೆ ಹೋಗೋಣ. ಕೀರ್ತಿವರ್ಮ ಆಳುತ್ತಿದ್ದಾಗ ಅವನ ತಮ್ಮ ಮಂಗಳೇಶ 578ರಲ್ಲಿ ಮುಗಿಸಿದ ಗುಡಿ ಅದು. ಶಕವರ್ಷ 500 ಎಂದು ಕಲ್ಲೇ ಹೇಳುತ್ತದೆ. ಅಲ್ಲಿನ ಸಂಸ್ಕೃತ ಶಾಸನದಲ್ಲಿ ದಿನಾ ಹದಿನಾರು ಮಂದಿ ಬ್ರಾಹ್ಮಣರಿಗೆ ಊಟದ ಏರ್ಪಾಟಿದೆ, ಉಳಿದದ್ದರಲ್ಲಿ ಪರಿವ್ರಾಜಕರಿಗೂ ಪಾಲಿದೆ. ಅಷ್ಟು ದೊಡ್ಡ ಬಂಡೆಯ ಹೊಟ್ಟೆಯನ್ನು ಮೇಲಿಂದ ಕೆಳಕ್ಕೆ ಕೊರೆದು, ಕಂಬ, ಛಾವಣಿ, ಆಳೆತ್ತರದ ವಿಷ್ಣು ಎಲ್ಲವನ್ನೂ ಒಂದೇ ಕಲ್ಲಿನಲ್ಲಿ ಬಿಡಿಸಿದವರು ಏನು ಉಂಡರು? ಆ ಮಾತು ಆ ಶಾಸನಕ್ಕೆ ಬೇಡವಾಗಿದೆ. ಪಕ್ಕದಲ್ಲೇ ಸಣ್ಣದೊಂದು ಕನ್ನಡ ಶಾಸನ ಇದೆ. ಲಂಜಿಗೇಸರ ಎಂಬ ಊರನ್ನು ಈ ಗುಡಿಗೆ ಕೊಟ್ಟ ಸಂಗತಿ ಅದರಲ್ಲಿದೆ. ಗುಡಿಯನ್ನು ಅದು ‘ಕಲ್ಮನೆ’ ಎಂದು ಕರೆಯುತ್ತದೆ. ಎಷ್ಟು ಚಂದದ ಮಾತು ನೋಡಿ, ಕಲ್ಮನೆ! ಕಲ್ಲಿನ ಕೆಲಸ ಮಾಡುವವರ ಬಾಯಿಂದಲೇ ಬಂದಂತಿದೆ. ಅದೇ ಗವಿಯ ಛಾವಣಿಯಂಚಿನ ಒಳಮೈಯಲ್ಲಿ ಬಣ್ಣದ ಚಿತ್ರಗಳ ಚೂರುಗಳೂ ಉಳಿದಿವೆ. ಆ ಚಿತ್ರಗಾರರ ಹೆಸರು ಬಣ್ಣಕ್ಕಿಂತ ಮೊದಲೇ ಹೋಯಿತು.

ಹಾಗಂತ ಎಲ್ಲರೂ ಸುಮ್ಮನೆ ಇದ್ದವರಲ್ಲ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಲ್ಲಿ ನರಸೊಬ್ಬ ಎಂಬ ಕಟ್ಟಡಗಾರನ ಶಾಸನ ಇದೆ. ಮನೆ, ಗುಡಿ ಕಟ್ಟುವುದರಲ್ಲಿ ಅವನಂಥ ಜಾಣ ಇಡೀ ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಎಂಬ ಅರ್ಥದ ಮಾತು. ರವಿಕೀರ್ತಿಯ ಸೊಕ್ಕಿಗೂ ಈ ಸೊಕ್ಕಿಗೂ ಏನು ಫರಕು? ಒಂದು ಪಠ್ಯಪುಸ್ತಕಕ್ಕೆ ಹೋಯಿತು, ಒಂದು ಹೋಗಲಿಲ್ಲ, ಅಷ್ಟೇ.

ಪಟ್ಟದಕಲ್ಲಿನ ಸಂಗತಿ ಇನ್ನೂ ಗಟ್ಟಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದಕ್ಕೆ ಅವನ ರಾಣಿ ಲೋಕಮಹಾದೇವಿ ಎಂಟನೇ ಶತಮಾನದ ನಡುಗಾಲದಲ್ಲಿ ಕಟ್ಟಿಸಿದ ಗುಡಿ ಈಗ ವಿರೂಪಾಕ್ಷ ಎನಿಸಿಕೊಂಡಿದೆ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದು ಕಲ್ಲಿನಲ್ಲಿದೆ. ಆ ಶಾಸನವನ್ನು ಇಂಗ್ಲಿಷಿಗೆ ತಂದ ಫ್ಲೀಟ್ ಸಾಹೇಬ, ಜಾತಿಯಿಂದ ಹೊರಗೆ ಹಾಕಿದ್ದ ಈ ನಾಡಿನ ಕುಶಲಕರ್ಮಿಗಳನ್ನು ಮತ್ತೆ ಒಳಗೆ ಸೇರಿಸಿಕೊಂಡ ಮಾತು ಅದರಲ್ಲಿದೆ ಎಂದು ಓದಿದ. ಆ ಓದು ಸರಿಯಾದರೆ, ಜಗತ್ತೇ ಬಂದು ಬೆರಗಿನಿಂದ ನೋಡುವ, 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಗುಡಿಗಳ ಊರಿನಲ್ಲಿ ಕಟ್ಟುವವರಿಗೂ ಬಹಿಷ್ಕಾರದ ರುಚಿ ಗೊತ್ತಿತ್ತು. ಪ್ರವಾಸಿಗಳಿಗೆ ಕತೆ ಹೇಳುವವರು ಕಂಚಿಯ ಗೆಲುವು ಹೇಳುತ್ತಾರೆ, ಇದನ್ನು ಹೇಳುವುದು ನಾನು ಕೇಳಿಲ್ಲ. ಪಾಪನಾಥ ಗುಡಿಯಲ್ಲಿ ತೆಂಕಣ ದಿಕ್ಕಿನ ಕೆಲಸ ಮಾಡಿದ ರೇವಡಿ ಓವಜ್ಜನ ಹೆಸರಿದೆ. ಬಲದೇವ ಎಂಬ ಶಿಲ್ಪಿ ತನ್ನ ಹೆಸರಿನ ಜೊತೆಗೆ ದುಗ್ಗಿ ಆಚಾರಿ ಎಂಬ ತಂದೆಯ ಹೆಸರನ್ನೂ ಬಿಟ್ಟು ಹೋಗಿದ್ದಾನೆ.

ಆದರೆ ಗೆಳೆಯರೆ, ಇವರು ಆಚಾರಿಗಳು, ಓಜರು, ಗುರುಪರಂಪರೆ ಇದ್ದವರು. ಗುಡ್ಡದಲ್ಲಿ ಬೆಣೆ ಹೊಡೆದು ಬಂಡೆ ಸೀಳಿದವರು, ಮಿಣಿ ಹಾಕಿ ಎಳೆದವರು, ಮಣ್ಣು ಹೊತ್ತವರು? ಕಲ್ಲು ಗುಡಿಯಾಗುವವರೆಗೆ ಮುಟ್ಟಿದವರು ಅವರೇ. ಗುಡಿಯಾದ ಮೇಲೆ ಮುಟ್ಟಬಾರದವರೂ ಅವರಂಥವರೇ. ಇವತ್ತಿಗೂ ನಮ್ಮ ಕಡೆ ಕಲ್ಲು ಒಡೆಯುವವರು ಹೆಚ್ಚಾಗಿ ವಡ್ಡರು. ಇಳಕಲ್ಲಿನ ಕೆಂಪು ಗ್ರಾನೈಟು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ, ಕಲ್ಲು ಸೀಳಿದವನ ಎದೆಯಲ್ಲಿ ಧೂಳು ಉಳಿಯುತ್ತದೆ.

ಇದೇ ಮಲಪ್ರಭೆ ಮುಂದೆ ಹರಿದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಹನ್ನೆರಡನೇ ಶತಮಾನದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಬಂದರು. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಅಂತ ಕಸುಬನ್ನೇ ಹೆಸರಿನ ಮುಂದೆ ನಿಲ್ಲಿಸಿಕೊಂಡು ಕರೆಸಿಕೊಂಡವರು. ಮಾದಾರ ಚೆನ್ನಯ್ಯನ ಅಂಕಿತ ನೋಡಿ. ಬೇರೆಯವರು ದೇವರ ಹೆಸರಿನಿಂದ ವಚನ ಮುಗಿಸಿದರೆ ಇವನ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗೂಂಟ ಬರುತ್ತವೆ. ಚರ್ಮದ ಕೆಲಸದ ಹತಾರಗಳು! ರಾಮನೂ ಬರುತ್ತಾನೆ, ಆದರೆ ಹತಾರಗಳ ಹಿಂದೆ ಬರುತ್ತಾನೆ. ಚಿತ್ರಗಾರನಾಗಿ ನನಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ರುಜು ಕಂಡಿಲ್ಲ. ಮಾತು ಕಟ್ಟಿದ ತಲೆ, ಉಳಿ ಹಿಡಿದ ಕೈ ಎರಡೂ ಒಂದೇ ಮೈಯವು ಎಂದು ಆ ರುಜು ಸಾರುತ್ತದೆ.

ಚಿತ್ರಕ್ಕೆ ಹೆದರುವ ಸರ್ಕಾರಗಳೂ ಉಂಟು. 1943ರ ಬಂಗಾಳದ ಬರದಲ್ಲಿ ಚಿತ್ತಪ್ರಸಾದ ಎಂಬ ಕಲಾವಿದ ಮೇದಿನಿಪುರದ ಹಳ್ಳಿಗಳಲ್ಲಿ ಅಲೆದು, ಕಂಡದ್ದನ್ನು ಬರೆದ, ಸಾಯುವವರ ಚಿತ್ರ ತೆಗೆದ. ‘ಹಂಗ್ರಿ ಬೆಂಗಾಲ್’ ಎಂಬ ಆ ಸಣ್ಣ ಪುಸ್ತಕದ ಪ್ರತಿಗಳನ್ನು ಬ್ರಿಟಿಷರು ವಶಪಡಿಸಿಕೊಂಡು ಸುಟ್ಟರು. ಹಾಗೆಂದು ಕುಂಚ ಹಿಡಿದವರೆಲ್ಲ ನಮ್ಮವರು ಎಂದು ತಿಳಿಯುವುದೂ ಬೇಡ. 1949ರಲ್ಲಿ ಶಂಕರ್ ಒಂದು ವ್ಯಂಗ್ಯಚಿತ್ರ ಬರೆದರು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಬಾಬಾಸಾಹೇಬರು ಕೂತಿದ್ದಾರೆ, ಹಿಂದೆ ನೆಹರೂ ಚಾವಟಿ ಎತ್ತಿದ್ದಾರೆ. 2012ರಲ್ಲಿ ಅದು ಶಾಲೆಯ ಪಠ್ಯಪುಸ್ತಕದಲ್ಲಿದೆ ಎಂದು ಸಂಸತ್ತಿನಲ್ಲಿ ಗದ್ದಲವಾಯಿತು. ನಗುವುದಕ್ಕೆ ಬರೆದದ್ದು, ಇದಕ್ಕೆ ಯಾಕಿಷ್ಟು ಸಿಟ್ಟು ಎಂದು ತಿಳಿದವರು ಕೇಳಿದರು. ಚಾವಟಿ ಎಂಬುದು ಕೆಲವರಿಗೆ ಗೆರೆ, ಕೆಲವರಿಗೆ ಬೆನ್ನಿನ ನೆನಪು. ಆ ಚಿತ್ರವನ್ನು ಅಳಿಸಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಪಾಠ ಮಾಡುವವರು ಆ ಬೆನ್ನಿನ ಕತೆಯನ್ನೂ ಹೇಳಬೇಕು.

ನಮ್ಮ ಕೇರಿಗಳ ಗೋಡೆಯ ಮೇಲೆ ಬಾಬಾಸಾಹೇಬರನ್ನು ಬರೆದವರು ಬೋರ್ಡು ಬರೆಯುವ ಪೇಂಟರುಗಳು. ನೀಲಿ ಕೋಟು, ಕೆಂಪು ಟೈ, ಕನ್ನಡಕ, ಕೈಯಲ್ಲಿ ಪುಸ್ತಕ. ಮೂಗು ಒಂದೊಂದೂರಲ್ಲಿ ಒಂದೊಂದು ನಮೂನಿ. ಆದರೂ ಯಾವ ಕೂಸೂ ಗುರುತು ತಪ್ಪುವುದಿಲ್ಲ. ಕಲಾಚರಿತ್ರೆಯಲ್ಲಿ ಆ ಪೇಂಟರುಗಳಿಗೆ ಒಂದು ಅಧ್ಯಾಯ ಇಲ್ಲ.

ಈಗ ಊರೂರಲ್ಲಿ ಗುಡಿಗಳ ಜೀರ್ಣೋದ್ಧಾರ. ಬಾಗಿಲ ಪಕ್ಕದಲ್ಲಿ ಕರಿಕಲ್ಲಿನ ಹಲಗೆ. ಐದುನೂರಾ ಒಂದು ಕೊಟ್ಟವರಿಂದ ಹಿಡಿದು ಲಕ್ಷ ಕೊಟ್ಟವರವರೆಗೆ ದಾನಿಗಳ ಹೆಸರು. ಅಂಥ ಹಲಗೆ ಕೆತ್ತುತ್ತಿದ್ದವನೊಬ್ಬನನ್ನು, ಇದರಾಗ ನಿನ್ನ ಹೆಸರೆಲ್ಲೈತೋ ತಮ್ಮಾ ಎಂದು ಕೇಳಿದೆ. ಉಳಿ ನಿಲ್ಲಿಸದೆ ಅಂದ: “ಅಕ್ಷರಕ್ಕ ಇಷ್ಟು ಅಂತ ಎಣಿಸಿ ರೊಕ್ಕ ಕೊಡತಾರ್ರಿ ಸರ. ನನ್ನ ಹೆಸರಿಂದು ನಾಕಕ್ಷರ. ಅದರ ರೊಕ್ಕ ಯಾರ ಕಡೆ ಇಸ್ಕೊಳ್ಳಲಿ?”