ಹನ್ನೆರಡು ವೋಲ್ಟುಗಳ ಋಣ

(ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬ ಕಾರಿನ ವಿದ್ಯುತ್ತಿನ ವಿಷಯವಾಗಿ ಮಾತನಾಡಲು ನಿಂತರೆ ಸಭೆಯಲ್ಲಿರುವ ಇಂಜಿನಿಯರುಗಳಿಗೆ ನಗು ಬರುವುದು ಸಹಜ. ನಮ್ಮ ಕೂಟದಲ್ಲಿ ಅವರ ಸಂಖ್ಯೆಯೂ ಕಡಿಮೆಯಲ್ಲ. ಆದರೂ ಈ ವಿಷಯವನ್ನೇ ನಾವು ಆರಿಸಿಕೊಂಡದ್ದಕ್ಕೆ ಒಂದು ಚಳಿಗಾಲದ ಬೆಳಗು ಕಾರಣ. ಅದನ್ನು ಮೊದಲು ನಿವೇದಿಸಿಕೊಂಡು ಅನಂತರ ಚರಿತ್ರೆಗೆ ಬರುತ್ತೇವೆ.

ನಾವು ಈ ದೇಶಕ್ಕೆ ಬಂದು ರೆಸಿಡೆನ್ಸಿಗೆ ಸೇರಿದ ಮೊದಲ ವರ್ಷ. ಊರು ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿತ್ತು. ಸಂಕ್ರಾಂತಿಯ ಕೂಟಕ್ಕೆಂದು ಎರಡು ಗಂಟೆಯ ಹಾದಿ ಹೋಗಿದ್ದೆವು. ಹಿಂದಿರುಗುವಾಗ ಮಿಕ್ಕ ಬಿಸಿಬೇಳೆಭಾತನ್ನು ಬೆಚ್ಚಗಿಡುವ ವಿದ್ಯುತ್ ಪೆಟ್ಟಿಗೆಯೊಂದನ್ನು ಕಾರಿನ ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಸಿಕ್ಕಿಸಿದ್ದೆವು. ಮನೆ ತಲಪಿದಾಗ ನಡುರಾತ್ರಿ. ಪಾತ್ರೆಯನ್ನು ಒಳಗೆ ಒಯ್ದೆವು, ಪೆಟ್ಟಿಗೆಯನ್ನು ಮರೆತೆವು. ಬೆಳಗಿನ ಪಾಳಿಗೆ ಹೊರಟು ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದಿನ ಹೊರತು ಇನ್ನೇನೂ ಇಲ್ಲ. ರಾತ್ರಿಯಿಡೀ ಎಚ್ಚರವಿದ್ದ ಸಹೋದ್ಯೋಗಿಯೊಬ್ಬರು ನಮ್ಮ ಸಲುವಾಗಿ ಇನ್ನೂ ಎರಡು ಗಂಟೆ ನಿಂತರು. ಹೃದಯಾಘಾತವಾಗಿ ಹಿಂದಿನ ದಿನವಷ್ಟೇ ದಾಖಲಾಗಿದ್ದ ವೃದ್ಧರೊಬ್ಬರು ಅವರ ಆರೈಕೆಯಲ್ಲಿ ಸುರಕ್ಷಿತವಾಗಿದ್ದರು. ಅದರ ಶ್ರೇಯಸ್ಸಿನಲ್ಲಿ ನಮಗೆ ಪಾಲಿರಲಿಲ್ಲ.

ಆ ಲೆಕ್ಕ ಬಲು ಸರಳ. ಅಂಥ ಪೆಟ್ಟಿಗೆ ಸುಮಾರು 4 ಆಂಪಿಯರ್ ಸೆಳೆಯುತ್ತದೆ. ಐದಾರು ಗಂಟೆಯಲ್ಲಿ 20ರಿಂದ 24 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಸಾಧಾರಣ ಕಾರಿನ ಬ್ಯಾಟರಿಯ ಒಟ್ಟು ಸಂಗ್ರಹವೇ 50 ಆಂಪಿಯರ್-ಗಂಟೆಯ ಆಸುಪಾಸು. ಶೂನ್ಯ ಡಿಗ್ರಿ ಫ್ಯಾರನ್‌ಹೀಟಿನ ಚಳಿಯಲ್ಲಿ ತುಂಬಿದ ಬ್ಯಾಟರಿಯೂ ತನ್ನ ಎಂದಿನ ಬಲದ ಅರ್ಧವನ್ನು ಕೊಡಲಾರದು. ಅತ್ತ ಎಣ್ಣೆ ಗಟ್ಟಿಯಾಗಿ ಎಂಜಿನು ಹೆಚ್ಚು ಬಲ ಬೇಡುತ್ತದೆ. ಇಷ್ಟು ಸಣ್ಣ ಲೆಕ್ಕ ನಮಗೇಕೆ ಹೊಳೆಯಲಿಲ್ಲ ಎಂಬ ನಾಚಿಕೆಯೇ ನಮ್ಮನ್ನು ಈ ಚರಿತ್ರೆಯತ್ತ ಸೆಳೆಯಿತು.

ಕೆಲವೇ ಕ್ಷಣಗಳ ಕೆಲಸಕ್ಕೆ ಹುಟ್ಟಿದ ಬ್ಯಾಟರಿ

ಆರಂಭದ ಕಾರುಗಳನ್ನು ಮುಂಭಾಗದಲ್ಲಿ ಹಿಡಿಕೆ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಎಂಜಿನು ಹಿಂದಕ್ಕೆ ಒದ್ದರೆ ಆ ಹಿಡಿಕೆ ಕೈಯನ್ನು ಮುರಿಯುತ್ತಿತ್ತು. ಮಣಿಕಟ್ಟಿನ ಬಳಿ ರೇಡಿಯಸ್ ಎಲುಬಿನ ತುದಿ ಮುರಿಯುವುದನ್ನು ವೈದ್ಯರು ಇಂದಿಗೂ ‘ಶೋಫರ್ ಮುರಿತ’ ಎಂದೇ ಕರೆಯುತ್ತಾರೆ. ಕಾರು ಚಾಲಕರ ಆ ಸಂಕಟ ನಮ್ಮ ಪಠ್ಯಪುಸ್ತಕಗಳಲ್ಲಿ ಹೀಗೆ ಉಳಿದುಕೊಂಡಿದೆ.

ಈ ಸಂಕಟವನ್ನು ನೀಗಿದವರು ಓಹಾಯೋ ರಾಜ್ಯದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್. ಅವರು ಮೊದಲು ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದ್ದವರು. ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ತಿರುಗಬೇಕಾಗಿಲ್ಲ, ಕ್ಷಣಕಾಲ ಬಲವಾಗಿ ಎಳೆದು ಸುಮ್ಮನಾದರೆ ಸಾಕು. ಕಾರಿನ ಎಂಜಿನಿಗೂ ಇದೇ ಸಾಕೆಂದು ಅವರು ಕಂಡುಕೊಂಡರು. ಚಿಕ್ಕ ಮೋಟಾರೊಂದು ತನ್ನ ಶಕ್ತಿಗೆ ಮೀರಿದ ಭಾರವನ್ನು ಕೆಲವು ಕ್ಷಣ ಹೊರಬಲ್ಲದು. ಅನಂತರ ಓಡುವ ಎಂಜಿನೇ ಬ್ಯಾಟರಿಯನ್ನು ಮತ್ತೆ ತುಂಬುತ್ತದೆ. 1912ರ ಕ್ಯಾಡಿಲಾಕ್ ಕಾರುಗಳು ಈ ಸ್ವಯಂಚಾಲಕವನ್ನು ಹೊತ್ತು ಮಾರುಕಟ್ಟೆಗೆ ಬಂದವು. ಮುಂದೆ 1945ರಲ್ಲಿ ಇದೇ ಕೆಟರಿಂಗ್ ಹಾಗೂ ಆಲ್ಫ್ರೆಡ್ ಸ್ಲೋನ್ ಅವರ ಹೆಸರಿನಲ್ಲಿ ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ವೈದ್ಯಕೀಯ ರಂಗಕ್ಕೆ ಅವರ ಋಣ ಎರಡು ಬಗೆಯದು.

ಕೆಟರಿಂಗರ ಈ ಕಾಣ್ಕೆಯಲ್ಲಿಯೇ ನಮ್ಮ ಇಂದಿನ ಕಥೆಯ ಬೀಜವಿದೆ. ಕಾರಿನ ಬ್ಯಾಟರಿ ಹುಟ್ಟಿದ್ದು ಅಲ್ಪಕಾಲ ಬಹಳ ಕೊಡುವುದಕ್ಕಾಗಿ. ಅದರೊಳಗಿನ ಸೀಸದ ಫಲಕಗಳು ತೆಳುವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿ ಇರುವುದು ಅದಕ್ಕಾಗಿಯೇ. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೀರಿ ಬರಿದು ಮಾಡಿದರೆ ಆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಕಟ್ಟಿ ಬ್ಯಾಟರಿಯ ಆಯುಷ್ಯವೇ ಕುಂದುತ್ತದೆ. ಅದು ನೂರು ಮೀಟರ್ ಓಟಗಾರ. ನಾವೋ ಅದನ್ನು ಶಬರಿಮಲೆಯ ಯಾತ್ರೆಗೆ ಹೊರಡಿಸುತ್ತೇವೆ.

ಮೊದಲ ಅತಿಥಿ

ಕಾರಿನೊಳಗೆ ನೆಲೆಸಿದ ಮೊದಲ ದೊಡ್ಡ ಅತಿಥಿ ರೇಡಿಯೋ. ಪಾಲ್ ಗ್ಯಾಲ್ವಿನ್ ಎಂಬವರು 1930ರಲ್ಲಿ ತಮ್ಮ ಕಾರಿಗೆ ರೇಡಿಯೋ ಅಳವಡಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೋ ತಯಾರಕರ ಸಮಾವೇಶಕ್ಕೆ ಹೋದರು. ಆ ರೇಡಿಯೋವಿಗೆ ಇಟ್ಟ ಹೆಸರೇ ಮೊಟೊರೋಲಾ.

ಆದರೆ ಅಂದಿನ ವಾಲ್ವ್ ರೇಡಿಯೋಗಳಿಗೆ ನೂರು ಇನ್ನೂರು ವೋಲ್ಟು ಬೇಕಾಗುತ್ತಿತ್ತು. ಕಾರಿನಲ್ಲಿದ್ದದ್ದು 6 ವೋಲ್ಟು. ಆದ್ದರಿಂದ ಮೊದಮೊದಲು ನೆಲಹಾಸಿನ ಅಡಿಯಲ್ಲಿ ಬೇರೆ ಒಣ ಬ್ಯಾಟರಿಗಳ ಸಾಲನ್ನು ಹುದುಗಿಸುತ್ತಿದ್ದರು. ಅವು ಮುಗಿದಾಗಲೆಲ್ಲ ಹೊಸವನ್ನು ಕೊಳ್ಳಬೇಕಾಗುತ್ತಿತ್ತು. 1930ರ ದಶಕದಲ್ಲಿ ವೈಬ್ರೇಟರ್ ಎಂಬ ಸಣ್ಣ ಉಪಾಯ ಬಂದಿತು. ಲೋಹದ ನಾಲಗೆಯೊಂದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಮಿಡಿದು ಬ್ಯಾಟರಿಯ ಏಕಮುಖ ಪ್ರವಾಹವನ್ನು ಕಡಿದು ಕಡಿದು ಕಳುಹಿಸುತ್ತಿತ್ತು. ಹೀಗೆ ಕಡಿದ ಪ್ರವಾಹವನ್ನು ಟ್ರಾನ್ಸ್‌ಫಾರ್ಮರ್ ಹೆಚ್ಚಿನ ವೋಲ್ಟಿಗೆ ಏರಿಸುತ್ತಿತ್ತು. ಇಂದಿನ ಇನ್ವರ್ಟರುಗಳಲ್ಲಿ ಆ ಲೋಹದ ನಾಲಗೆಯ ಕೆಲಸವನ್ನು ಟ್ರಾನ್ಸಿಸ್ಟರ್ ಮಾಡುತ್ತದೆ, ತತ್ತ್ವ ಒಂದೇ.

1946ರ ಜೂನ್ 17ರಂದು ಸೇಂಟ್ ಲೂಯಿಸ್ ನಗರದಲ್ಲಿ ಕಾರಿನ ಟೆಲಿಫೋನ್ ಸೇವೆ ಆರಂಭವಾಯಿತು. ಡಿಕ್ಕಿಯಲ್ಲಿ ಕೂರುತ್ತಿದ್ದ ಆ ಉಪಕರಣದ ತೂಕ ಸುಮಾರು 80 ಪೌಂಡು. ಇಂದು ಜೇಬಿನಲ್ಲಿ ಹುದುಗುವ ವಸ್ತುವಿನ ಪೂರ್ವಜ ಅದು.

ಮೂಲವನ್ನು ಹಿಗ್ಗಿಸಿದ ಕಾಲ

ಹೀಗೆ ಅತಿಥಿಗಳು ಹೆಚ್ಚಿದಂತೆ ಅಡುಗೆಮನೆಯೂ ಹಿಗ್ಗಬೇಕಾಯಿತು. ಎಂಜಿನುಗಳೂ ದೊಡ್ಡವಾಗಿ, ಅವುಗಳನ್ನು ತಿರುಗಿಸಲು 6 ವೋಲ್ಟು ಸಾಲದಾಯಿತು. 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಾರುಗಳು 12 ವೋಲ್ಟಿಗೆ ಬದಲಾದವು. ವೋಲ್ಟು ಇಮ್ಮಡಿಯಾದರೆ ಅಷ್ಟೇ ಶಕ್ತಿಗೆ ಅರ್ಧ ಪ್ರವಾಹ ಸಾಕು, ಅದೇ ತಂತಿಯಲ್ಲಿ ಶಾಖವಾಗಿ ನಷ್ಟವಾಗುವುದು ನಾಲ್ಕನೆಯ ಒಂದು ಭಾಗ ಮಾತ್ರ.

ಎರಡನೆಯ ಸುಧಾರಣೆ ಆಲ್ಟರ್ನೇಟರ್. ಹಳೆಯ ಡೈನಮೋ, ಕಾರು ದೀಪದ ಕಂಬದ ಬಳಿ ನಿಂತು ಮೆಲ್ಲಗೆ ಗುರುಗುಟ್ಟುತ್ತಿರುವಾಗ ಹೆಚ್ಚೇನೂ ವಿದ್ಯುತ್ತು ಕೊಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ದೀಪ, ರೇಡಿಯೋ, ಹೀಟರುಗಳ ಹೊರೆಯೆಲ್ಲ ಬ್ಯಾಟರಿಯ ಮೇಲೆ ಬೀಳುತ್ತಿತ್ತು. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಆಲ್ಟರ್ನೇಟರು ಸಾಧ್ಯವಾಗಿ, 1960ರ ಕ್ರೈಸ್ಲರ್ ಕಂಪನಿಯ ವ್ಯಾಲಿಯಂಟ್ ಕಾರಿನಲ್ಲಿ ಜನಸಾಮಾನ್ಯರಿಗೆ ದೊರೆಯಿತು.

ಮೂರನೆಯ ದಾರಿ ಮಾತ್ರ ಯಾರೂ ಯೋಜಿಸಿ ಮಾಡಿದ್ದಲ್ಲ. ಸಿಗರೇಟು ಹೊತ್ತಿಸಲೆಂದು ಇಟ್ಟಿದ್ದ ಸಾಕೆಟ್ಟೇ ಎಲ್ಲ ಉಪಕರಣಗಳ ಹೆಬ್ಬಾಗಿಲಾಯಿತು. ಅದನ್ನು ರೂಪಿಸಿದ್ದು ತಂತಿಯ ಸುರುಳಿಯೊಂದನ್ನು ಕೆಲವು ಕ್ಷಣ ಕೆಂಪಗೆ ಕಾಯಿಸಲು. ಗಂಟೆಗಟ್ಟಲೆ ಪ್ರವಾಹ ಹರಿಸಿದಾಗ ಸಡಿಲವಾದ ಸ್ಪರ್ಶದಲ್ಲಿ ಶಾಖವೇಳುವುದು ಈ ಕಾರಣಕ್ಕೆ. ಬ್ಯಾಟರಿಯಂತೆ ಈ ಸಾಕೆಟ್ಟೂ ಕ್ಷಣಕಾಲದ ಕೆಲಸಕ್ಕೆ ಹುಟ್ಟಿದ್ದೇ.

ಬೆಲ್‌ಫಾಸ್ಟಿನ ವಾಹನ

ವೈದ್ಯರಾದ ನಮಗೆ ಈ ಚರಿತ್ರೆಯ ಅತ್ಯಂತ ಶ್ರೇಷ್ಠ ಅಧ್ಯಾಯ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನದು. ಅಲ್ಲಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಹೃದ್ರೋಗ ತಜ್ಞ ಫ್ರ್ಯಾಂಕ್ ಪ್ಯಾಂಟ್ರಿಡ್ಜ್ ಅವರು, ಹೃದಯಾಘಾತದಿಂದ ಸಾಯುವವರಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರುವ ಮುನ್ನವೇ ಸಾಯುತ್ತಾರೆಂಬುದನ್ನು ಗಮನಿಸಿದರು. ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರಿದೆ ಅದುರತೊಡಗಿದರೆ, ಎದೆಯ ಮೇಲೆ ಕೊಡುವ ಒಂದು ವಿದ್ಯುದಾಘಾತ ಅದನ್ನು ಮತ್ತೆ ಲಯಕ್ಕೆ ತರಬಲ್ಲದು. ಆದರೆ ಆ ಯಂತ್ರ ಆಸ್ಪತ್ರೆಯ ಗೋಡೆಯ ವಿದ್ಯುತ್ತಿಗೆ ಕಟ್ಟುಬಿದ್ದಿತ್ತು.

ರೋಗಿ ಯಂತ್ರದ ಬಳಿಗೆ ಬರಲಾರನಾದರೆ ಯಂತ್ರವೇ ರೋಗಿಯ ಬಳಿಗೆ ಹೋಗಲಿ ಎಂದು ಅವರು ನಿರ್ಧರಿಸಿದರು. 1965ರಲ್ಲಿ ಸಿದ್ಧವಾದ ಆ ಉಪಕರಣ ನಡೆಯುತ್ತಿದ್ದದ್ದು ಕಾರಿನ ಬ್ಯಾಟರಿಗಳಿಂದ. ತೂಕ 70 ಕಿಲೋ. ಅದನ್ನು ಹೊತ್ತ ವಾಹನ 1966ರ ಜನವರಿಯಲ್ಲಿ ರಸ್ತೆಗಿಳಿಯಿತು. ಪ್ಯಾಂಟ್ರಿಡ್ಜ್ ಮತ್ತು ಅವರ ಸಹೋದ್ಯೋಗಿ ಜಾನ್ ಗೆಡ್ಡೆಸ್ 1967ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. 1968ರ ಹೊತ್ತಿಗೆ ಯಂತ್ರದ ತೂಕ 3 ಕಿಲೋಗೆ ಇಳಿದಿತ್ತು.

ಇಲ್ಲಿಯೂ ಲೆಕ್ಕ ನೋಡತಕ್ಕದ್ದು. 50 ಆಂಪಿಯರ್-ಗಂಟೆಯ 12 ವೋಲ್ಟು ಬ್ಯಾಟರಿಯಲ್ಲಿ ಇಪ್ಪತ್ತೊಂದು ಲಕ್ಷ ಜೂಲಿಗೂ ಹೆಚ್ಚು ಶಕ್ತಿಯಿದೆ. ಒಂದು ಆಘಾತಕ್ಕೆ ಬೇಕಾದದ್ದು ಕೆಲವು ನೂರು ಜೂಲುಗಳು ಮಾತ್ರ. ಶಕ್ತಿಗೆ ಕೊರತೆಯಿರಲಿಲ್ಲ, ಹನ್ನೆರಡನ್ನು ಸಾವಿರಾರು ವೋಲ್ಟಿಗೆ ಏರಿಸಿ, ಸಂಗ್ರಹಿಸಿ, ಕ್ಷಣಾರ್ಧದಲ್ಲಿ ಬಿಡುಗಡೆ ಮಾಡುವುದೇ ಕಷ್ಟವಾಗಿತ್ತು. ಹಾಡು ಕೇಳಲೆಂದು ಕಲಿತ ವಿದ್ಯೆ, ವೋಲ್ಟನ್ನು ಏರಿಸುವ ಆ ವಿದ್ಯೆ, ಇಲ್ಲಿ ಪ್ರಾಣ ಉಳಿಸುವ ಕೆಲಸಕ್ಕೆ ಬಂದಿತು.

ನಮ್ಮೂರ ಜೀಪು

ಬೆಲ್‌ಫಾಸ್ಟಿನ ಈ ಕಥೆ ಓದುವಾಗ ನಮಗೆ ನೆನಪಾದದ್ದು ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. 1990ರ ದಶಕದ ಮೊದಲ ಭಾಗ, ನಾವು ಹೌಸ್ ಸರ್ಜನ್ ಆಗಿದ್ದೆವು. ಕಾರಿನ ಬ್ಯಾಟರಿಗೆ ಬೇರೆ ಕೆಲಸ ಹಚ್ಚುವುದು ನಮ್ಮ ಹಳ್ಳಿಗಳಿಗೆ ಹೊಸದಾಗಿರಲಿಲ್ಲ. ಚುನಾವಣೆ ಬಂತೆಂದರೆ ಜೀಪಿನ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದುದನ್ನು ಇಲ್ಲಿರುವ ಹಿರಿಯರೆಲ್ಲ ಬಲ್ಲರು.

ಒಂದು ರಾತ್ರಿ ಹೆರಿಗೆಯಾದ ತಾಯಿಗೆ ಹೊಲಿಗೆ ಹಾಕಬೇಕಾಗಿದ್ದಾಗ ಕರೆಂಟು ಹೋಯಿತು. ಜೀಪಿನ ಚಾಲಕ ಬ್ಯಾಟರಿಯಿಂದ ಎರಡು ತಂತಿಗಳನ್ನು ಕಿಟಕಿಯ ಮೂಲಕ ಎಳೆದು ಹೆಡ್‌ಲೈಟಿನ ಬಲ್ಬೊಂದನ್ನು ಉರಿಸಿದ. ಆದರೆ ಹೊರಗೆ ಎಂಜಿನನ್ನು ಓಡಿಸಿಯೇ ಇಟ್ಟಿದ್ದ. ಸದ್ದಿಗೆ ಬೇಸರಗೊಂಡ ನಾವು ನಿಲ್ಲಿಸು ಎಂದೆವು. “ಬ್ಯಾಡಿ ಸಾರ್. ಈಯಮ್ಮನಿಗೆ ಹೆಚ್ಚುಕಮ್ಮಿ ಆದ್ರೆ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗೋಕೆ ಇರೋದು ಇದೊಂದೇ ಗಾಡಿ” ಎಂದ. ಹೊಲಿಗೆ ಮುಗಿಯಿತು, ತಾಯಿ ಮಗು ಕ್ಷೇಮವಾಗಿದ್ದರು, ಜೀಪು ಅಲ್ಲಿಯೇ ನಿಂತಿತ್ತು.

ಆ ಚಾಲಕನಿಗೆ ತಿಳಿದಿದ್ದುದನ್ನು ಕೆಲವೇ ವರ್ಷಗಳ ಅನಂತರ, ಒಂದು ಪಾತ್ರೆ ಬಿಸಿಬೇಳೆಭಾತಿನ ಮುಂದೆ, ನಾವು ಮರೆತಿದ್ದೆವು.

ಇಂದಿಗೆ ಸಲ್ಲುವ ಮಾತು

ಇಂದಿನ ಕಾರುಗಳಲ್ಲಿ ಯು.ಎಸ್.ಬಿ. ಕಿಂಡಿಗಳಿವೆ, ಕ್ಯಾಮೆರಾಗಳಿವೆ, ಪರದೆಗಳಿವೆ. ಕಾರುಗಳನ್ನು 42 ವೋಲ್ಟಿಗೆ ಏರಿಸಬೇಕೆಂದು 1990ರ ದಶಕದಲ್ಲಿ ಎದ್ದ ಪ್ರಸ್ತಾಪ ಕೈಗೂಡಲಿಲ್ಲ. 2023ರಲ್ಲಿ ಬಂದ ಟೆಸ್ಲಾ ಸೈಬರ್‌ಟ್ರಕ್ 48 ವೋಲ್ಟಿನ ಉಪವ್ಯವಸ್ಥೆಯನ್ನು ಹೊತ್ತು ಬಂದಿದೆ. ಬಹುಪಾಲು ವಿದ್ಯುತ್ ಕಾರುಗಳಲ್ಲಿ ಮಾತ್ರ ಬೃಹತ್ ಬ್ಯಾಟರಿಯ ಜೊತೆಗೆ ಹಳೆಯ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇದೆ. ಅದು ಸತ್ತರೆ ಅಂಥ ಕಾರೂ ಕದಲದು.

ನಮ್ಮ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಊರಿನಿಂದ ಬಂದ ತಂದೆತಾಯಿಗಳನ್ನು ಕರೆದುಕೊಂಡು ದೂರ ಪ್ರವಾಸ ಹೊರಡುತ್ತೇವೆ. ಅವರ ನೆಬ್ಯುಲೈಸರ್, ನಿದ್ರೆಯಲ್ಲಿ ಉಸಿರಿಗೆ ನೆರವಾಗುವ ಸಿಪ್ಯಾಪ್ ಯಂತ್ರ, ಎಲ್ಲವೂ ಅದೇ 12 ವೋಲ್ಟನ್ನು ಆಶ್ರಯಿಸುತ್ತವೆ. ಆದ್ದರಿಂದ ಮೂರು ಬಿನ್ನಹ. ರಾತ್ರಿಯಿಡೀ ನಡೆಯಬೇಕಾದ ವೈದ್ಯಕೀಯ ಯಂತ್ರಕ್ಕೆ ಕಾರಿನ ಬ್ಯಾಟರಿಯನ್ನು ನಂಬದೆ, ಆಳವಾಗಿ ಬರಿದಾದರೂ ತಾಳುವ ಬೇರೆ ಬ್ಯಾಟರಿಯೊಂದನ್ನು ಒಯ್ಯಿರಿ. ಸಿಪ್ಯಾಪಿನ ನೀರು ಕಾಯಿಸುವ ಭಾಗವನ್ನು ನಿಲ್ಲಿಸಿದರೆ ಖರ್ಚು ಬಹಳ ತಗ್ಗುತ್ತದೆ. ಹೆಚ್ಚು ಪ್ರವಾಹ ಬೇಡುವ ಉಪಕರಣಕ್ಕೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ ಎಳೆಸಿ, ಬ್ಯಾಟರಿಯ ಬಳಿಯಲ್ಲಿಯೇ ಆ ತಂತಿಗೆ ತಕ್ಕ ಫ್ಯೂಸು ಹಾಕಿಸಿರಿ. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ, ತಂತಿಯ ಜೊತೆಗೆ ಕಾರೂ ಸುಟ್ಟೀತು. ಮೂರನೆಯದು, ಕೀಲಿ ತೆಗೆದ ಮೇಲೂ ಜೀವಂತವಾಗಿರುವ ಸಾಕೆಟ್ಟು ನಿಮ್ಮ ಕಾರಿನಲ್ಲಿ ಯಾವುದೆಂದು ಇಂದೇ ಮನೆಗೆ ಹೋದ ಮೇಲೆ ನೋಡಿಕೊಳ್ಳಿರಿ.

ಮನುಷ್ಯನ ಹೃದಯಕ್ಕೂ ದಿನನಿತ್ಯದ ಕೆಲಸಕ್ಕೆ ಮೀರಿದ ಒಂದು ಮೀಸಲು ಶಕ್ತಿಯಿದೆ. ಆಪತ್ತಿನಲ್ಲಿ ಓಡಲು, ಜ್ವರವನ್ನು ತಾಳಲು ಅದು ಬೇಕು. ರೋಗಿಯನ್ನು ಪರೀಕ್ಷಿಸುವಾಗ ಆ ಮೀಸಲು ಎಷ್ಟು ಉಳಿದಿದೆಯೆಂದು ನಾವು ಮೊದಲು ವಿಚಾರಿಸುತ್ತೇವೆ. ಕಾರಿನ ಬ್ಯಾಟರಿಯ ಮೇಲೆ ಹೊಸ ಹೊರೆಯೊಂದನ್ನು ಹೊರಿಸುವ ಮುನ್ನ ಅದೇ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಆ ಸಂಕ್ರಾಂತಿಯ ಮರುದಿನದಿಂದ ನಾವು ಮಾಡಿಕೊಂಡಿದ್ದೇವೆ.